ದೊಡ್ಡಳಿಯನ ಮುಂದಿನ ಸಾಲು

ಅಂಗಿಗೆ ಇಸ್ತ್ರಿ ಹಾಕುವಾಗ ಫೋನ್ ಎತ್ತಬಾರದು. ಎತ್ತಿದರೂ ಆ ಕಡೆ ಷಡ್ಡಕ ಇರಬಾರದು. ಆ ಬೆಳಿಗ್ಗೆ ದೊಡ್ಡಳಿಯ ಈ ಎರಡು ತಪ್ಪನ್ನೂ ಒಟ್ಟಿಗೆ ಮಾಡಿದ. ಮಾತು ಮುಗಿಯುವ ಹೊತ್ತಿಗೆ, ಸಂಜೆಗೆಂದು ತೆಗೆದಿಟ್ಟಿದ್ದ ಬಿಳಿ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಕಂದು ಬಣ್ಣದಲ್ಲಿ ಅಚ್ಚಾಗಿತ್ತು.

ಮಾವನ ಮನೆಯಲ್ಲಿ ಈತನನ್ನು ದೊಡ್ಡಳಿಯ ಎನ್ನುತ್ತಾರೆ. ಹೆಂಡತಿಯ ತಂಗಿಯನ್ನು ಮದುವೆಯಾದವನು ಚಿಕ್ಕಳಿಯ. ದೊಡ್ಡ, ಚಿಕ್ಕ ಎಂಬುದು ಮದುವೆಯ ಸರದಿಯ ಮಾತು ಅಷ್ಟೆ. ಉಳಿದ ಯಾವ ಅಳತೆ ಹಿಡಿದರೂ ಹೆಸರು ಅದಲುಬದಲಾಗಬೇಕಿತ್ತು ಎಂಬ ಗುಮಾನಿ ದೊಡ್ಡಳಿಯನಿಗೆ ಮೊದಲಿನಿಂದಲೂ ಇತ್ತು. ಅತ್ತೆಯ ಮನೆಯ ನಲ್ಲಿ ಸೋರುತ್ತದೆಂದು ಈತ ಹೊಸ ವಾಷರ್ ಹಾಕಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಚಿಕ್ಕಳಿಯ ಹೊಸ ನಲ್ಲಿಯನ್ನೇ ತಂದು ನಿಂತಿರುತ್ತಿದ್ದ. ಈತ ಮಾವನಿಗೆ ಚೆಂದದ ಊರುಗೋಲು ಕೊಡಿಸಿದರೆ, ಚಿಕ್ಕಳಿಯ ಅವರನ್ನು ಮಂಡಿನೋವಿನ ಡಾಕ್ಟರ ಬಳಿ ಕರೆದೊಯ್ದು ಊರುಗೋಲೇ ಬೇಡವಾಗುವಂತೆ ಮಾಡಿದ್ದ. ಹಾಗಂತ ಅವನೇನು ಜಂಬದವನಲ್ಲ. ದೀಪ ಹಿಡಿದು ಹುಡುಕಿದರೂ ಅವನಲ್ಲಿ ಒಂದು ಕೆಟ್ಟ ಗುಣ ಸಿಗುತ್ತಿರಲಿಲ್ಲ. ಜಂಬದವನಾಗಿದ್ದರೆ ಬೈದಾದರೂ ಹೊಟ್ಟೆ ತಣ್ಣಗಾಗುತ್ತಿತ್ತು. ಒಳ್ಳೆಯವನ ಮೇಲಿನ ಹೊಟ್ಟೆಕಿಚ್ಚು ಬಿಗಿಯಾಗಿ ಮುಚ್ಚಿದ ಪಾತ್ರೆಯ ಹಾಲಿನಂತೆ. ಉಕ್ಕುವುದಕ್ಕೂ ದಾರಿಯಿಲ್ಲ, ಆರುವುದಕ್ಕೂ ದಾರಿಯಿಲ್ಲ.

ಈ ಸಲ ಮಾತ್ರ ದೊಡ್ಡಳಿಯ ಮುಂದಿದ್ದ, ಅಥವಾ ಹಾಗೆಂದು ನಂಬಿದ್ದ. ಊರಿನ ದೊಡ್ಡ ರಂಗಮಂದಿರಕ್ಕೆ ಐರ್ಲೆಂಡಿನ ನೃತ್ಯ ತಂಡ ಬರುತ್ತದೆಂದು ಗೊತ್ತಾದ ದಿನವೇ ಎರಡು ಟಿಕೆಟ್ ತೆಗೆಸಿದ್ದ. ಆಸೆ ಹೆಂಡತಿಯದು. ಅವಳಿಗೆ ಗ್ರಂಥಾಲಯದಲ್ಲಿ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಬಂದವರಿಗೆಲ್ಲ "ಮೆಲ್ಲಗೆ ನಡೀರಿ" ಎಂದು ಹೇಳಿ ಹೇಳಿ, ಮನೆಗೆ ಬಂದು ಫೋನಿನಲ್ಲಿ ಈ ಐರಿಶ್ ಕುಣಿತ ನೋಡುತ್ತಾ ಅಡುಗೆಮನೆಯ ನೆಲವನ್ನು ತಾನೇ ಕಾಲಿನಿಂದ ಬಡಿಯುತ್ತಿದ್ದಳು.

"ನೋಡಿ ಇಲ್ಲಿ. ಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮುಖ ಇಟ್ಕೊಂಡಿರ್ತಾರೆ. ಕೆಳಗೆ ನೋಡಿದ್ರೆ ಕಾಲಿಗೆ ಬೆಂಕಿ ಬಿದ್ದ ಹಾಗೆ."

"ತಿಂಗಳ ಕೊನೇಲಿ ನಾನೂ ಹಾಗೇ ಇರ್ತೀನಲ್ಲ" ಎಂದಿದ್ದ ದೊಡ್ಡಳಿಯ.

ಟಿಕೆಟ್ ತೆಗೆಸುವಾಗ "ಮೇಲ್ಗಡೆ ಬಾಲ್ಕನೀಲಿ, ಹಿಂದೆ ಇದ್ರೂ ಪರವಾಗಿಲ್ಲ" ಎಂದು ಅವಳೇ ಹೇಳಿದ್ದಳು. ಖರ್ಚಿನ ಮುಖ ನೋಡಿ ಹೇಳಿದ್ದಾಳೆ, ಪುಣ್ಯಾತ್ಗಿತ್ತಿ ಎಂದು ಈತ ಒಳಗೊಳಗೇ ಕರಗಿದ್ದ.

ಈಗ ಇಸ್ತ್ರಿಯ ಮಧ್ಯೆ ಬಂದ ಫೋನು.

"ಅಣ್ಣಾ, ಸಂಜೆ ಡ್ಯಾನ್ಸಿಗೆ ನೀವೂ ಬರ್ತಿದ್ದೀರಂತೆ. ನಾವೂ ಬರ್ತಿದ್ದೀವಿ. ಸ್ಟೇಜಿಗೆ ಮರದ ಹಲಗೆ ಹಾಕಿರೋದು ನಮ್ಮ ಕಂಪನಿನೇ ಅಲ್ವಾ, ನಿನ್ನೆ ಎರಡು ಪಾಸ್ ಕೊಟ್ರು. ಮೊದಲನೇ ಸಾಲು, ನಟ್ಟನಡುವೆ. ನೀವು ಎಲ್ಲಿ ಕೂತಿರ್ತೀರ ಹೇಳಿ, ತಿರುಗಿ ಕೈ ಬೀಸ್ತೀನಿ."

"ನಾವು ಸ್ವಲ್ಪ ಹಿಂದೆ."

"ಹಿಂದೆ ಅಂದ್ರೆ?"

"ಬಾಲ್ಕನಿ."

"ಬಾಲ್ಕನೀಲಿ ಎಲ್ಲಿ?"

"ಗೋಡೆ ಇರತ್ತಲ್ಲ" ಎಂದ ದೊಡ್ಡಳಿಯ, "ಅದರ ಮುಂದೆ."

ಅಂಗಿ ಸುಟ್ಟದ್ದು ಆಗ.

ಆಮೇಲೆ ಆ ಕಡೆ ನಾದಿನಿ ಫೋನ್ ತೆಗೆದುಕೊಂಡು ಅಕ್ಕನಿಗೆ ಕೊಡಿ ಎಂದಳು. ಹೆಂಡತಿ ಫೋನ್ ಹಿಡಿದು ಪಡಸಾಲೆಗೆ ಹೋದಳು. ಬಹಳ ಹೊತ್ತು ಗ್ರಂಥಾಲಯದ ದನಿಯಲ್ಲಿ ಏನೋ ಮಾತಾಡಿದಳು. ಗೋಡೆಗೆ ಕಿವಿ ಕೊಟ್ಟರೂ ಒಂದಕ್ಷರ ಕೇಳಿಸಲಿಲ್ಲ. ವಾಪಸು ಬಂದವಳ ಮುಖ ಬಾಡಿತ್ತು.

"ಪಾಪ" ಎಂದಳು.

"ಯಾರು ಪಾಪ?"

"ಯಾರೂ ಇಲ್ಲ ಬಿಡಿ. ಅಯ್ಯೋ, ಅಂಗಿ ನೋಡಿ ಏನಾಗಿದೆ."

ದೊಡ್ಡಳಿಯನಿಗೆ ಎಲ್ಲ ಅರ್ಥವಾಯಿತು. ತಂಗಿ ಮುಂದಿನ ಸಾಲಿನಲ್ಲಿ, ಅಕ್ಕ ಗೋಡೆಗೆ ಒರಗಿ. ಪಾಪ ಎಂದದ್ದು ತನ್ನನ್ನು ತಾನೇ. ಕಟ್ಟಿಕೊಂಡವನ ಮನಸ್ಸು ನೋಯದಿರಲಿ ಎಂದು ಮಾತು ಹೊರಳಿಸಿದ್ದಾಳೆ. ಒಂದೇ ಒಂದು ಸಲ, ಈ ಹೆಂಗಸು ತನ್ನ ತಂಗಿಯ ಮುಂದೆ ತಲೆಯೆತ್ತಿ "ನಮ್ಮೋರು" ಎಂದು ಹೇಳುವ ಹಾಗೆ ಆಗಬೇಕು. ಇವತ್ತೇ ಆಗಬೇಕು. ಸುಟ್ಟ ಅಂಗಿಯ ಮೇಲೆ ಕೋಟು ಏರಿಸಿಕೊಂಡು, ಟಿಕೆಟ್ಟುಗಳನ್ನು ಜೇಬಿಗಿಟ್ಟು ದೊಡ್ಡಳಿಯ ಕೆಲಸಕ್ಕೆ ಹೊರಟ.

ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಾಜು ತಿದ್ದಿ ಫ್ರೇಮಿಗೆ ಕೂರಿಸುವುದು, ಸಾಸಿವೆಗಿಂತ ಸಣ್ಣ ತಿರುಪು ಬಿಗಿಯುವುದು. ಆ ಬೆಳಿಗ್ಗೆ ಮೂರು ತಿರುಪು ನೆಲಕ್ಕೆ ಬಿದ್ದು ಮಾಯವಾದವು. ಕೌಂಟರಿನಲ್ಲಿ ಕೂರುವ ಸಹೋದ್ಯೋಗಿಯನ್ನು ಎಲ್ಲರೂ ಸಲಹೆಗಾರ ಎಂದೇ ಕರೆಯುತ್ತಿದ್ದರು. ಕೇಳದೆ ಸಲಹೆ ಕೊಡುವುದು ಅವನ ದೌರ್ಬಲ್ಯ, ಕೇಳಿದರೆ ಎರಡು ಕೊಡುವುದು ಅಭ್ಯಾಸ.

"ಏನ್ ಗುರು, ಮುಖ ಒಡೆದ ಗಾಜಿನ ಥರ ಆಗಿದೆ?"

ದೊಡ್ಡಳಿಯ ಹೇಳಿದ. ಹೇಳಬಾರದಿತ್ತು.

"ಅಷ್ಟೇನಾ? ಯಾವ ಥಿಯೇಟರಲ್ಲೇ ಆಗಲಿ, ಕಣ್ಣು ಮಂದ ಇರೋರು ಬಂದು ಕೇಳಿದ್ರೆ ಮುಂದೆ ಕೂರಿಸ್ತಾರೆ. ಇಲ್ಲ ಅನ್ನೋಕೆ ಬಾಯಿ ಬರಲ್ಲ."

"ನನ್ನ ಕಣ್ಣು ಚೆನ್ನಾಗೇ ಇದೆಯಲ್ಲ."

"ನಾವು ಕೂತಿರೋದು ಎಲ್ಲಿ, ತರಕಾರಿ ಅಂಗಡೀಲಾ?" ಎನ್ನುತ್ತಾ ಸಲಹೆಗಾರ ಕೆಳಗಿನ ಡ್ರಾಯರ್ ಎಳೆದ. ಮಾಡಿಸಿದವರು ಒಯ್ಯದೆ ಬಿಟ್ಟುಹೋದ ಕನ್ನಡಕಗಳ ಅನಾಥಾಲಯ ಅದು. ಅದರೊಳಗಿಂದ ಒಂದನ್ನು ಎತ್ತಿದ. ಗಾಜಿನ ಅಂಚು ಬ್ರೆಡ್ಡಿನ ಹೋಳಿನಷ್ಟು ದಪ್ಪ.

ಒಳಗಿನ ಕತ್ತಲೆ ಕೋಣೆಯಲ್ಲಿ ಕಣ್ಣು ಪರೀಕ್ಷಿಸುವ ಮೇಡಂ ಪರದೆ ಸರಿಸಿ ಇಣುಕಿದರು. "ರೀ, ಅದು ಮೈನಸ್ ಹನ್ನೆರಡು. ಅದನ್ನ ಹಾಕ್ಕೊಂಡು ನಡೆದ್ರೆ ಬಾಗಿಲು ಅಂತ ಗೋಡೆ ಒಳಗೆ ಹೋಗ್ತೀರ."

"ಹೋಗಿ ಬರೋ ಅಷ್ಟು ಹೊತ್ತು ತಾನೇ ಮೇಡಂ."

"ನಾನಂತೂ ಏನೂ ನೋಡ್ಲಿಲ್ಲ" ಎಂದು ಮೇಡಂ ಪರದೆ ಎಳೆದರು. ಮರುಕ್ಷಣ ಪರದೆಯ ಹಿಂದಿನಿಂದ ದನಿ ಬಂತು: "ಮಾತಾಡೋವಾಗ ಎದುರಿಗಿರೋರ ಮುಖ ನೋಡ್ಬೇಡಿ. ಅವರ ಕಿವಿ ಹತ್ರ ನೋಡಿ. ಆಗ ನಂಬ್ತಾರೆ."

ಮಧ್ಯಾಹ್ನದ ಬಿಡುವಿನಲ್ಲಿ ದೊಡ್ಡಳಿಯ ರಂಗಮಂದಿರದ ಬಾಗಿಲಲ್ಲಿ ನಿಂತು ಕನ್ನಡಕ ಏರಿಸಿದ. ಲೋಕ ಥಟ್ಟನೆ ಕುಗ್ಗಿ ದೂರ ಸರಿದು ಕದಡಿಹೋಯಿತು. ಮೊದಲ ಮೆಟ್ಟಿಲು ಇದ್ದ ಜಾಗದಲ್ಲಿ ಇರಲಿಲ್ಲ, ಇಲ್ಲದ ಜಾಗದಲ್ಲಿ ಇತ್ತು. ಒಳಗೆ ಹೋಗಿ ಒಬ್ಬ ಎತ್ತರದ ಮನುಷ್ಯನಿಗೆ ಕೈಮುಗಿದು "ಮ್ಯಾನೇಜರ್ ಸಾರ್ ಇದ್ದಾರಾ?" ಎಂದು ಕೇಳಿದ. ಆತ ಮಾತಾಡಲಿಲ್ಲ. ಪಕ್ಕದಿಂದ ಬೇರೆ ದನಿ ಬಂತು.

"ಅದು ಕೋಟು ತೂಗುಹಾಕೋ ಗೂಟ. ನಾನೇ ಮ್ಯಾನೇಜರ್. ಬನ್ನಿ, ಕೈ ಕೊಡಿ."

ನಟನೆಯೇ ಬೇಕಾಗಲಿಲ್ಲ. ಆ ಒಂದು ಕೈಮುಗಿತಕ್ಕೆ ಮ್ಯಾನೇಜರರ ಕರುಳು ಕರಗಿಹೋಗಿತ್ತು. ದೊಡ್ಡಳಿಯ ಅವರ ಕಿವಿ ಇರಬಹುದಾದ ಕಡೆ ನೋಡುತ್ತಾ, ಬಾಲ್ಕನಿಯ ಕೊನೆಯ ಸಾಲಿನಿಂದ ತನಗೆ ಏನೂ ಕಾಣುವುದಿಲ್ಲವೆಂದೂ, ಹೆಂಡತಿಯ ಬಹಳ ದಿನದ ಆಸೆಯೆಂದೂ ತೊದಲಿದ. ಎರಡನೆಯ ಮಾತು ನಿಜವಾದ್ದರಿಂದ ದನಿ ತಾನಾಗಿ ನಡುಗಿತು.

"ನಮ್ಮ ತಾಯಿಗೂ ಕೊನೆಗಾಲದಲ್ಲಿ ಹೀಗೇ ಆಗಿತ್ತು" ಎಂದು ಮ್ಯಾನೇಜರ್ ಮೂಗು ಒರೆಸಿಕೊಂಡರು. "ಬಾಲ್ಕನಿ ಟಿಕೆಟ್ ಕೊಡಿ ಇಲ್ಲಿ. ಮುಂದಿನ ಸಾಲಲ್ಲಿ ಎರಡು ಇದೆ. ಹೇಗೆ ಬಂತು ಅಂತ ಕೇಳ್ಬೇಡಿ, ಇದೆ. ಆದ್ರೆ ಒಂದು ಮಾತು, ಅಲ್ಲಿಂದ ಸ್ವಲ್ಪ..."

"ಹತ್ತಿರ ಆಗತ್ತೆ. ಗೊತ್ತು ಸಾರ್. ಹತ್ತಿರಾನೇ ಬೇಕು."

"ನಿಮ್ಮಿಷ್ಟ. ಸಂಜೆ ನಾನೇ ಬಾಗಿಲಲ್ಲಿ ನಿಂತಿರ್ತೀನಿ. ನೀವೇನೂ ಯೋಚನೆ ಮಾಡ್ಬೇಡಿ."

ಈ ಕೊನೆಯ ಮಾತು ದೊಡ್ಡಳಿಯನಿಗೆ ಬೀದಿಗೆ ಬಂದ ಮೇಲೆ ನಾಟಿತು. ಮ್ಯಾನೇಜರ್ ಬಾಗಿಲಲ್ಲಿ ನಿಂತಿರುತ್ತಾರೆ ಎಂದರೆ ಸಂಜೆಯೂ ಈ ಬ್ರೆಡ್ಡಿನ ಹೋಳು ಮೂಗಿನ ಮೇಲೆ ಇರಬೇಕು. ಇರಲಿ, ಒಂದೇ ಸಂಜೆ ತಾನೇ. ಅಷ್ಟು ಹತ್ತಿರ ಕೂತರೆ ಎಂಥ ಗಾಜಿನಲ್ಲೂ ಕಾಣುತ್ತದೆ.

ಸಂಜೆ ರಂಗಮಂದಿರದ ಬೀದಿ ಜನರಿಂದ ತುಂಬಿತ್ತು. ಹೆಂಡತಿ ಗ್ರಂಥಾಲಯದಿಂದ ನೇರವಾಗಿ ಬಂದಿದ್ದಳು. ಗಂಡನ ಮುಖ ನೋಡಿ ನಿಂತಲ್ಲೇ ನಿಂತಳು.

"ಇದೇನ್ರೀ ಈ ಕನ್ನಡಕ?"

"ಅಂಗಡೀದು. ಹೊಸ ಮಾದರಿ. ಹಾಕ್ಕೊಂಡು ನೋಡಿ ಅಂತ ಕೊಟ್ಟಿದ್ದಾರೆ."

"ನಿಮ್ಮ ಕಣ್ಣು ಕಡಲೆಕಾಳಿನಷ್ಟು ಕಾಣ್ತಿದೆ."

"ಫ್ಯಾಷನ್ನೇ ಅದು."

ಅವಳು ಬಾಲ್ಕನಿಯ ಮೆಟ್ಟಿಲ ಕಡೆ ತಿರುಗಿದಳು. ದೊಡ್ಡಳಿಯ ಅವಳ ತೋಳು ಹಿಡಿದ. ಇಡೀ ದಿನ ಬಾಯಲ್ಲಿ ಇಟ್ಟುಕೊಂಡು ಚೀಪಿದ ಮಾತನ್ನು ಈಗ ಹೊರಗೆ ತೆಗೆದ. "ಆ ಕಡೆ ಅಲ್ಲ. ಈ ಕಡೆ. ಮೊದಲನೇ ಸಾಲು."

"ನಮ್ಮ ಸೀಟು ಮೇಲಲ್ವಾ?"

"ಇತ್ತು. ಬದಲಾಯಿಸ್ದೆ. ನಿನಗೋಸ್ಕರ. ನಿನ್ನ ತಂಗಿ ಗಂಡ ಒಬ್ಬನಿಗೇನಾ ಸಿಗೋದು?"

ಹೆಂಡತಿ ಒಮ್ಮೆ ಬಾಲ್ಕನಿಯ ಮೆಟ್ಟಿಲು ನೋಡಿದಳು, ಒಮ್ಮೆ ಗಂಡನನ್ನು. ಮೈನಸ್ ಹನ್ನೆರಡರ ಗಾಜಿನೊಳಗಿಂದ ಅವಳ ಮುಖ ಒದ್ದೆ ಕೈಯಲ್ಲಿ ಒರೆಸಿದ ಚಿತ್ರದಂತಿತ್ತು. ಅದರಲ್ಲಿ ಯಾವ ಭಾವವಿದೆ ಎಂದು ತಿಳಿಯುವಂತಿರಲಿಲ್ಲ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡ ದೊಡ್ಡಳಿಯ, ಅವಳನ್ನು ಮುಂದೆ ನಡೆಸಿದ.

ಮ್ಯಾನೇಜರ್ ಮಾತಿಗೆ ತಪ್ಪುವವರಲ್ಲ. ಬಾಗಿಲಲ್ಲೇ ಕಾದಿದ್ದು, ದೊಡ್ಡಳಿಯನ ಇನ್ನೊಂದು ತೋಳು ಹಿಡಿದು, ಟಾರ್ಚ್ ಹಿಡಿದ ಹೆಂಗಸೊಬ್ಬಳ ಕೈಗೆ ಒಪ್ಪಿಸಿದರು. ಸೀಟು ತೋರಿಸುವುದು ಅವಳ ಕೆಲಸ. ಅವಳ ಕಿವಿಯಲ್ಲಿ ಏನೋ ಹೇಳಿದರು. ಟಾರ್ಚಿನಾಕೆ ದೊಡ್ಡಳಿಯನನ್ನು ಗಾಜಿನ ಹೂದಾನಿಯ ಹಾಗೆ ಸೀಟಿನಲ್ಲಿ ಇಳಿಸಿ, ತಾನು ಪಕ್ಕದ ಮಡಚುಕುರ್ಚಿಯಲ್ಲಿ ಕೂತಳು.

"ಇವರು ಯಾಕೆ ಇಲ್ಲೇ ಕೂತ್ರು?" ಎಂದು ಹೆಂಡತಿ ಪಿಸುಗುಟ್ಟಿದಳು.

"ಮುಂದಿನ ಸಾಲಂದ್ರೆ ಹಾಗೇ ಕಣೇ. ಮರ್ಯಾದೆ."

ದೀಪ ಆರುವ ಮೊದಲು ದೊಡ್ಡಳಿಯ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಮೇಲಿನಿಂದ ಆ ಕಡೆ ಈ ಕಡೆ ನೋಡಿದ. ಎಡಗಡೆ ವೃದ್ಧ ದಂಪತಿ, ಅವರಾಚೆ ಯಾರೋ ದಪ್ಪ ಮೀಸೆಯವರು. ಬಲಗಡೆ ಯೂನಿಫಾರ್ಮಿನ ಶಾಲಾ ಮಕ್ಕಳು. ಚಿಕ್ಕಳಿಯ ಎಲ್ಲೂ ಇಲ್ಲ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ನೋಡಿದ. ಇಲ್ಲ.

ಒಳಗಿನಿಂದ ಏನೋ ಅರಳಿದ ಹಾಗಾಯಿತು.

"ನೋಡಿದ್ಯಾ?" ಎಂದ ಹೆಂಡತಿಗೆ. "ಮೊದಲನೇ ಸಾಲಂತೆ. ನಟ್ಟನಡುವೆ ಅಂತೆ. ಎಲ್ಲಿದ್ದಾನೆ? ಬರೀ ಬೊಗಳೆ. ಇಷ್ಟು ವರ್ಷ ಎಷ್ಟು ಬೊಗಳೆ ಬಿಟ್ಟಿದ್ದಾನೋ."

"ಸುಮ್ನಿರಿ."

"ನಾನೇನೂ ಅನ್ನಲ್ಲಪ್ಪ. ಕಣ್ಣಿಗೆ ಕಂಡಿದ್ದು ಹೇಳ್ದೆ."

ಪರದೆ ಎದ್ದಿತು. ಪಿಟೀಲು ಓಡತೊಡಗಿತು, ಕೊಳಲು ಅದನ್ನು ಅಟ್ಟಿಸಿಕೊಂಡು ಹೋಯಿತು, ಡೋಲು ಎರಡನ್ನೂ ಬೈದು ದಾರಿಗೆ ತಂದಿತು. ಆಮೇಲೆ ಬೂಟಿನ ಸದ್ದು. ಗಟ್ಟಿ ಅಟ್ಟೆಯ ಬೂಟುಗಳು ಮರದ ನೆಲವನ್ನು ಒಟ್ಟಿಗೆ ಬಡಿದಾಗ ದೊಡ್ಡಳಿಯನ ಕುರ್ಚಿಯೇ ಜುಮ್ಮೆಂದಿತು. ಹಿಂದಿನಿಂದ, ಮೇಲಿನಿಂದ, ಬಾಲ್ಕನಿಯ ಕಡೆಯಿಂದ "ಆಹಾ" ಎಂಬ ಉಸಿರು ಅಲೆಯಾಗಿ ಬಂತು.

ಮುಂದಿನ ಸಾಲಿನಿಂದ ಯಾವ ಉಸಿರೂ ಹೊರಡಲಿಲ್ಲ.

ವೇದಿಕೆ ಆಳೆತ್ತರದಲ್ಲಿತ್ತು. ಅದರ ಅಂಚಿನಲ್ಲಿ ಕಪ್ಪು ಸ್ಪೀಕರುಗಳೂ ದೀಪದ ಡಬ್ಬಿಗಳೂ ಬೇಲಿ ಹಾಕಿದಂತೆ ನಿಂತಿದ್ದವು. ಬೇಲಿಯ ಆಚೆ, ಮೊಣಕಾಲಿನಿಂದ ಮೇಲೆ ಮಾತ್ರ ಇದ್ದ ಯುವಕ ಯುವತಿಯರು, ಕೈಗಳನ್ನು ಪಕ್ಕೆಗೆ ಅಂಟಿಸಿಕೊಂಡು, ನೆಟ್ಟಗೆ ಮುಂದೆ ನೋಡುತ್ತಾ ಏಳುತ್ತಿದ್ದರು, ಇಳಿಯುತ್ತಿದ್ದರು. ಗುಂಡಿ ಬಿದ್ದ ರಸ್ತೆಯಲ್ಲಿ ಹೋಗುವ ಬಸ್ಸಿನಲ್ಲಿ, ಹಿಡಿದುಕೊಳ್ಳಲು ಕಂಬಿ ಸಿಗದೆ ನಿಂತ ಸಭ್ಯ ಪ್ರಯಾಣಿಕರ ಹಾಗೆ. ಅದೂ ಕನ್ನಡಕ ಜಾರಿಸಿದಾಗ. ಏರಿಸಿಕೊಂಡರೆ ಮೈನಸ್ ಗಾಜು ಅವರನ್ನು ಬೆರಳಿನಷ್ಟು ಮಾಡಿ ಹರದಾರಿ ಹಿಂದಕ್ಕೆ ತಳ್ಳುತ್ತಿತ್ತು. ಮೊದಲ ಸಾಲಿನಲ್ಲಿ ಕೂತು, ಗೋಡೆಯ ಮುಂದಿನ ಸಾಲಿಗಿಂತಲೂ ದೂರದಿಂದ ನೋಡುವ ಭಾಗ್ಯ ಆ ರಂಗಮಂದಿರದ ಇತಿಹಾಸದಲ್ಲೇ ಇನ್ನೊಬ್ಬನಿಗೆ ಸಿಕ್ಕಿರಲಾರದು. ಜಾರಿಸಿಯೇ ಇರೋಣವೆಂದರೆ ಟಾರ್ಚಿನಾಕೆ ಬಿಡಲಿಲ್ಲ. "ಬೀಳತ್ತೆ ಸಾರ್" ಎಂದು ಪ್ರೀತಿಯಿಂದ ಬೆರಳಿನಲ್ಲಿ ಮೇಲಕ್ಕೆ ತಳ್ಳಿದಳು. ಆಮೇಲೆ ಕಿವಿಯ ಬಳಿ ಬಗ್ಗಿ ಶುರು ಮಾಡಿದಳು.

"ಈಗ ಸಾಲಾಗಿ ಬಂದ್ರು ಸಾರ್. ಈಗ ಎಲ್ಲರೂ ಬಲಗಾಲು ಮುಂದೆ ಇಟ್ಟು ಬೆರಳು ನೆಲಕ್ಕೆ ತಾಗಿಸಿದ್ರು. ಈಗ ಹಿಮ್ಮಡಿಗೆ ಹಿಮ್ಮಡಿ ಹೊಡೆದ್ರು. ಅಬ್ಬಾ, ಈಗ ಒಂದು ಹುಡುಗಿ ಗಾಳೀಲೇ ಕತ್ತರಿ ಹಾಕಿದ್ಲು."

"ನಿಮಗೆ ಅದೆಲ್ಲ ಇಲ್ಲಿಂದ ಕಾಣ್ತಿದೆಯಾ?" ಎಂದ ದೊಡ್ಡಳಿಯ, ಸಣ್ಣ ಆಸೆಯಿಂದ.

"ಇಲ್ಲಿಂದ ಎಲ್ಲಿ ಕಾಣತ್ತೆ ಸಾರ್. ಇಲ್ಲಿ ಕೂತ್ರೆ ದೇವರಿಗೂ ಕಾಲು ಕಾಣಲ್ಲ. ನಿನ್ನೆ ಮೇಲೆ ನಿಂತು ನೋಡಿದ್ದೆ, ಅದನ್ನೇ ಹೇಳ್ತಿದ್ದೀನಿ. ನಿಮಗೆ ಹೇಗೂ ಕಾಣಲ್ಲ ಅಂತ ಸಾಹೇಬರು ಹೇಳಿದ್ರು, ಅದಕ್ಕೇ ಇಲ್ಲಿ ಹಾಕಿದ್ದಾರೇನೋ."

ಪಕ್ಕದಲ್ಲಿ ಹೆಂಡತಿ ಕತ್ತು ಚಾಚಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ, ಕೊನೆಗೆ ಸೋತು ಬೆನ್ನು ಒರಗಿಸಿದಳು. ಸದ್ದು ಕೇಳುತ್ತಾ ಕಣ್ಣು ಮುಚ್ಚಿದಳು. ಅದನ್ನು ನೋಡಿದಾಗ ದೊಡ್ಡಳಿಯನಿಗೆ ಹೊಟ್ಟೆಕಿಚ್ಚು ಹೊಸ ದಿಕ್ಕಿನಿಂದ ಬಂತು: ಬಾಲ್ಕನಿಯಲ್ಲಿ ತನ್ನ ಎರಡು ಸೀಟಿನಲ್ಲಿ ಈಗ ಯಾವ ಪುಣ್ಯಾತ್ಮರು ಕೂತಿದ್ದಾರೋ, ಅವರ ಮೇಲೆ. ಮುಖ ಕಾಣದವರ ಮೇಲಿನ ಹೊಟ್ಟೆಕಿಚ್ಚಿಗೆ ಮಿತಿ ಇರುವುದಿಲ್ಲ. ಆದರೂ ಒಂದು ಸಮಾಧಾನ ಉಳಿದಿತ್ತು. ಚಿಕ್ಕಳಿಯನ ಸುಳ್ಳು ಇವತ್ತು ಸಿಕ್ಕಿಬಿದ್ದಿದೆ. ಆ ಒಂದು ಸಮಾಧಾನವನ್ನು ಹಿಡಿದುಕೊಂಡು ಮಧ್ಯಂತರದವರೆಗೆ ಜೀವ ಉಳಿಸಿಕೊಂಡ.

ಮಧ್ಯಂತರದಲ್ಲಿ ಹೊರಗಿನ ಹಜಾರಕ್ಕೆ ಬಂದಾಗ ಮೆಟ್ಟಿಲ ಮೇಲಿನಿಂದ ನಾದಿನಿ ಓಡಿ ಬಂದು ಅಕ್ಕನ ಎರಡೂ ಕೈ ಹಿಡಿದಳು. ಹಿಂದೆಯೇ ಚಿಕ್ಕಳಿಯ, ಮುಖದ ತುಂಬ ಬೆಳಕು.

"ಅಕ್ಕಾ, ನೀನು ಬೆಳಿಗ್ಗೆ ಹೇಳಿದ್ದು ಎಷ್ಟು ಸರಿ ಅಂತೀಯ. ಮೇಲಿಂದ ಒಂದೊಂದು ಕಾಲೂ ಕಾಣತ್ತೆ. ಎಷ್ಟು ಜನ ಇದ್ದಾರೆ, ಒಬ್ಬರ ಕಾಲೂ ತಪ್ಪಲ್ಲ. ನೀನೆಲ್ಲಿ ಕೂತಿದ್ದೀಯ? ಗೋಡೆ ಪಕ್ಕ ಎಲ್ಲಾ ಹುಡುಕ್ದೆ."

"ಮುಂದೆ" ಎಂದಳು ಅಕ್ಕ.

"ಮುಂದೆ ಅಂದ್ರೆ?"

"ನಿಮ್ಮ ಭಾವನ್ನ ಕೇಳು."

ದೊಡ್ಡಳಿಯ ಕೇಳಿಸಿಕೊಳ್ಳದವನಂತೆ ಚಿಕ್ಕಳಿಯನ ಕಡೆ ತಿರುಗಿ, ಇಡೀ ಸಂಜೆಯ ಉಳಿತಾಯವನ್ನು ಖರ್ಚು ಮಾಡಿದ. "ಮೊದಲನೇ ಸಾಲು ಅಂದಿದ್ರಲ್ಲ ನೀವು? ನಟ್ಟನಡುವೆ?"

"ಹೌದಣ್ಣ, ಇತ್ತು. ಇವಳು ಅತ್ತಿಗೆ ಜೊತೆ ಮಾತಾಡಿ ಬಂದು ನನ್ನ ಮೇಲೆ ಹಾರಾಡಿದ್ಲು. ಮುಂದೆ ಕೂತ್ರೆ ಕಾಲೇ ಕಾಣಲ್ವಂತೆ, ಅತ್ತಿಗೆ ಅದಕ್ಕೇ ಯೋಚನೆ ಮಾಡಿ ಬಾಲ್ಕನಿ ತಗೊಂಡಿದ್ದಾರಂತೆ. ಬೆಳಿಗ್ಗೆನೇ ಹೋಗಿ ಮ್ಯಾನೇಜರ್ ಕೈಗೆ ಪಾಸ್ ಕೊಟ್ಟುಬಿಟ್ಟೆ. ಬಾಲ್ಕನೀಲಿ ಮೂಲೆ ಆದ್ರೂ ಸರಿ ಅಂದೆ. ಮಧ್ಯಾಹ್ನ ಅವರೇ ಫೋನ್ ಮಾಡಿ ಎರಡು ಸೀಟು ಸಿಕ್ತು ಅಂದ್ರು."

"ಹೋದ ವರ್ಷ ಲೈಬ್ರರಿ ಕಾರ್ಯಕ್ರಮ ಇದೇ ಹಾಲಲ್ಲಿ ಆಗಿತ್ತು" ಎಂದಳು ಹೆಂಡತಿ, ಯಾರನ್ನೂ ನೋಡದೆ. "ಮುಂದೆ ಕೂತು ಎಲ್ಲರ ಗಲ್ಲ ನೋಡಿ ಬಂದಿದ್ದೆ. ಪಾಪ, ನೀವಿಬ್ಬರೂ ಅಲ್ಲಿ ಕೂತು ಏನು ನೋಡ್ತೀರ ಅಂತ ಬೆಳಿಗ್ಗೆ ನನಗೇ ಬೇಜಾರಾಗಿತ್ತು."

ದೊಡ್ಡಳಿಯನ ಕಿವಿಯಲ್ಲಿ ಬೂಟುಗಳು ಒಟ್ಟಿಗೆ ಬಡಿದವು.

"ಪಾಪ ಅನ್ನೋದಾದ್ರೆ ನಮಗೆ ಸೀಟು ಬಿಟ್ಟುಕೊಟ್ಟೋರಿಗೆ ಅನ್ಬೇಕು" ಎಂದಳು ನಾದಿನಿ. "ಯಾರೋ ಕಣ್ಣು ಕಾಣದೋರಂತೆ. ಕೋಟು ಗೂಟಕ್ಕೆ ಕೈಮುಗಿದ್ರಂತೆ ಅಕ್ಕ. ಮ್ಯಾನೇಜರ್ 'ಪಾಪ, ಎಂಥ ಮನುಷ್ಯ' ಅಂತಿದ್ರು."

ದೊಡ್ಡಳಿಯ ಮೆಲ್ಲಗೆ ಕನ್ನಡಕ ತೆಗೆದು ಕೋಟಿನ ಜೇಬಿಗೆ ಇಳಿಸತೊಡಗಿದ. ಅರ್ಧ ಇಳಿದಿತ್ತು.

"ಸಾರ್, ಸಾರ್, ಅದನ್ನ ಯಾಕೆ ತೆಗೆದ್ರಿ? ಎಡವ್ತೀರಿ." ಮ್ಯಾನೇಜರ್ ಜನರನ್ನು ಸರಿಸಿಕೊಂಡು ಓಡಿ ಬಂದರು. ಜೇಬಿನಿಂದ ಕನ್ನಡಕ ಎತ್ತಿ, ಮಗುವಿಗೆ ಟೋಪಿ ಹಾಕುವ ಹಾಗೆ ಈತನ ಮೂಗಿಗೆ ಏರಿಸಿ, ಚಿಕ್ಕಳಿಯನ ಕಡೆ ತಿರುಗಿದರು. "ನಾನು ಹೇಳಿದ್ನಲ್ಲ, ಇವರೇ. ನಿಮ್ಮ ಪಾಸಿನ ಸೀಟು ಇವರಿಗೇ ಕೊಟ್ಟೆ. ನಿಮಗೆ ಪರಿಚಯಾನಾ?"

ಹಜಾರದಲ್ಲಿ ಗಲಗಲ ಎನ್ನುತ್ತಿದ್ದ ಜನ, ಕನಿಷ್ಠ ಆ ನಾಲ್ವರ ಸುತ್ತ ಇದ್ದವರು, ಇತ್ತ ತಿರುಗಿದರು.

"ಭಾವ" ಎಂದಳು ನಾದಿನಿ.

ದೊಡ್ಡಳಿಯನ ಎದುರು ಎರಡು ದಾರಿ ಇದ್ದವು. ಒಂದು, ನನ್ನ ಕಣ್ಣು ಹದ್ದಿನ ಕಣ್ಣು, ನಿಮ್ಮ ಮುಂದಿನ ಸಾಲು ನೋಡಿ ಹೊಟ್ಟೆ ಉರಿದು ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳುವುದು. ಇನ್ನೊಂದು, ಕುರುಡನಾಗುವುದು. ಅವನು ಹೆಚ್ಚು ಯೋಚಿಸಲಿಲ್ಲ.

"ಸ್ವಲ್ಪ ದಿನದಿಂದ" ಎಂದ, ಚಿಕ್ಕಳಿಯನ ಕಿವಿಯ ಕಡೆ ನೋಡುತ್ತಾ. "ಮನೇಲಿ ಹೇಳಿ ಯಾಕೆ ಬೇಜಾರು ಮಾಡ್ಲಿ ಅಂತ."

ಚಿಕ್ಕಳಿಯನ ಕಣ್ಣಲ್ಲಿ ನಿಜವಾದ ನೀರು ಬಂತು. ಆ ನೀರನ್ನು ಒರೆಸಿಕೊಳ್ಳಲೂ ಇಲ್ಲ. "ಅಣ್ಣಾ, ದಿನಾ ಕಣ್ಣಿನ ಜೊತೇನೇ ಕೆಲಸ ಮಾಡೋ ಮನುಷ್ಯ ನೀವು. ಒಬ್ಬರೇ ನುಂಗ್ಕೊಂಡ್ರಲ್ಲ." ಆಮೇಲೆ, ಯಾರೂ ಕೇಳದೆ, ಯಾವಾಗಲೂ ಮಾಡುವ ಕೆಲಸವನ್ನೇ ಮಾಡಿದ. "ಅತ್ತಿಗೆ, ನೀವು ಮೇಲೆ ಹೋಗಿ ಇವಳ ಜೊತೆ ಕೂತ್ಕೊಳ್ಳಿ. ನಿಮಗೆ ಇಷ್ಟದ ಡ್ಯಾನ್ಸು. ನಾನು ಅಣ್ಣನ ಪಕ್ಕ ಕೂರ್ತೀನಿ. ಮೊದಲ ಅರ್ಧ ನೋಡಿದ್ದೀನಿ, ಹೇಗೆ ಕುಣೀತಾರೆ ಅಂತ ಗೊತ್ತಾಗಿದೆ. ಸದ್ದು ಕೇಳಿದ್ರೆ ಸಾಕು, ಯಾವ ಹಲಗೆ ಮೇಲೆ ಯಾವ ಕಾಲು ಬಿತ್ತು ಅಂತ ಹೇಳ್ಬಲ್ಲೆ."

"ಬೇಡ" ಎಂದ ದೊಡ್ಡಳಿಯ. "ನಿಮಗ್ಯಾಕೆ ತೊಂದ್ರೆ. ಇದ್ದಾರಲ್ಲ, ಟಾರ್ಚಿನ..."

"ತೊಂದ್ರೆ ಎಂಥದಣ್ಣ."

ಹೆಂಡತಿ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ನಿನ್ನೆ ರಾತ್ರಿ ತನ್ನ ಕಾಲಿನ ಮುಳ್ಳನ್ನು ಮಂದ ದೀಪದಲ್ಲಿ ಒಂದೇ ಯತ್ನಕ್ಕೆ ಕಿತ್ತ ಮನುಷ್ಯ ಇವನು. ಅವಳ ಬಾಯಿಂದ ಒಂದು ಮಾತು ಹೊರಟರೆ ಸಾಕಿತ್ತು. ಹೊರಡಲಿಲ್ಲ. ತಂಗಿಯ ಕೈ ಹಿಡಿದು, ಮೆಟ್ಟಿಲು ಹತ್ತಿ ಹೋದಳು. ಹತ್ತುವಾಗ ಅವಳ ಹೆಜ್ಜೆ ಆಗಲೇ ತಾಳ ಹಾಕುತ್ತಿತ್ತು.

ಎರಡನೆಯ ಅರ್ಧದಲ್ಲಿ ಟಾರ್ಚಿನಾಕೆ ತನ್ನ ಮಡಚುಕುರ್ಚಿ ಮಡಚಿಕೊಂಡು ಹೊರಟುಹೋದಳು. "ಇವರು ನನಗಿಂತ ಚೆನ್ನಾಗಿ ಹೇಳ್ತಾರೆ" ಎಂದಳು. ಅದು ನಿಜವೇ ಆಗಿತ್ತು. ಚಿಕ್ಕಳಿಯ ಕಣ್ಣು ಮುಚ್ಚಿ, ಸದ್ದನ್ನು ಹಿಡಿದು, ಪಿಸುದನಿಯಲ್ಲಿ ಕಾಲುಗಳನ್ನು ಕಟ್ಟಿ ನಿಲ್ಲಿಸಿದ. ಯಾರು ಜಾರಿದ ಹಾಗೆ ಮಾಡಿ ಎದ್ದರು, ಯಾರು ನೆಲವನ್ನು ಮುಟ್ಟಿದ್ದೇ ಸುಳ್ಳೆನ್ನುವಂತೆ ಹಾರಿದರು, ಎಲ್ಲ. ಎಡಗಡೆಯ ವೃದ್ಧ ದಂಪತಿ ಇತ್ತ ವಾಲಿದರು. ದಪ್ಪ ಮೀಸೆಯವರು ಎದ್ದು ಬಂದು ಟಾರ್ಚಿನಾಕೆ ಬಿಟ್ಟುಹೋದ ಜಾಗದಲ್ಲಿ ನೆಲದ ಮೇಲೇ ಕೂತರು. ಶಾಲೆಯ ಮಕ್ಕಳು "ಅಂಕಲ್, ಸ್ವಲ್ಪ ಜೋರಾಗಿ" ಎಂದವು. ಇಡೀ ಮೊದಲನೇ ಸಾಲು ವೇದಿಕೆ ಬಿಟ್ಟು ಚಿಕ್ಕಳಿಯನ ಬಾಯಿ ನೋಡತೊಡಗಿತು. ದೊಡ್ಡಳಿಯ ಮಾತ್ರ ನೆಟ್ಟಗೆ ಮುಂದೆ ನೋಡುತ್ತಾ, ಕೈಗಳನ್ನು ಪಕ್ಕೆಗೆ ಅಂಟಿಸಿಕೊಂಡು, ಮುಖದಲ್ಲಿ ಏನೂ ತೋರಿಸದೆ ಕೂತಿದ್ದ. ಹೊಟ್ಟೆಯೊಳಗೆ ಗಟ್ಟಿ ಅಟ್ಟೆಯ ಬೂಟುಗಳು ಕುಣಿಯುತ್ತಿದ್ದವು.

ಚಪ್ಪಾಳೆ ನಿಂತು ಜನ ಕರಗುವಾಗ ಅಕ್ಕತಂಗಿಯರು ಕೆಂಪು ಮುಖ ಮಾಡಿಕೊಂಡು, ಏದುಸಿರು ಬಿಡುತ್ತಾ ಇಳಿದು ಬಂದರು. ತಾವೇ ಕುಣಿದು ಬಂದವರ ಹಾಗೆ. ಮ್ಯಾನೇಜರ್ ಬಾಗಿಲಲ್ಲಿ ಎಲ್ಲರನ್ನೂ ತಡೆದು ನಿಲ್ಲಿಸಿದರು.

"ನನ್ನ ಮಾತು ತೆಗೆದುಹಾಕ್ಬಾರದು" ಎಂದರು. "ನಾಳೆಯೂ ಆಟ ಇದೆ. ಇಂಥ ಬಾಂಧವ್ಯ ನಾನು ಎಲ್ಲೂ ನೋಡಿಲ್ಲ. ನಾಲ್ಕು ಸೀಟು ನನ್ನ ಲೆಕ್ಕದಲ್ಲಿ. ಅಕ್ಕ ತಂಗಿ ಮೇಲೆ, ನೀವಿಬ್ಬರೂ ಇವತ್ತಿನ ಹಾಗೆ ಮುಂದೆ."

"ನಾಳೆ ನನಗೆ ಅಂಗಡೀಲಿ..." ಎಂದು ಶುರು ಮಾಡಿದ ದೊಡ್ಡಳಿಯ.

"ಬರ್ತಾರೆ ಸಾರ್" ಎಂದಳು ಹೆಂಡತಿ. "ಮುಂದಿನ ಸಾಲು ಅಂದ್ರೆ ನಮ್ಮೋರಿಗೆ ಪ್ರಾಣ."

ಇಡೀ ದಿನ ಆ ಒಂದು ಮಾತಿಗಾಗಿ, ನಮ್ಮೋರು ಎಂಬ ಮಾತಿಗಾಗಿ, ದೊಡ್ಡಳಿಯ ಇಷ್ಟೆಲ್ಲ ಪಡಿಪಾಟಲು ಪಟ್ಟಿದ್ದ. ಸಿಕ್ಕಿತು. ಅವಳು ಅದನ್ನು ತಂಗಿಯ ಮುಂದೆಯೇ, ತಲೆಯೆತ್ತಿಯೇ ಹೇಳಿದಳು.

ಚಿಕ್ಕಳಿಯ ಈತನ ಮೊಣಕೈಯನ್ನು ಹಗುರವಾಗಿ ಹಿಡಿದು ಮೊದಲ ಮೆಟ್ಟಿಲ ಬಳಿ ನಿಲ್ಲಿಸಿದ. "ಅಣ್ಣಾ, ಇಲ್ಲೊಂದು ಮೆಟ್ಟಿಲಿದೆ. ನಾಳೆ ನಾನೇ ಮನೆಗೆ ಬಂದು ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ. ಎಷ್ಟು ಹೊತ್ತಿಗೆ ಬರ್ಲಿ?"

"ಬೇಗ ಬನ್ನಿ" ಎಂದಳು ಹೆಂಡತಿ. "ಇವರಿಗೆ ಬಾಗಿಲು ಹುಡುಕೋಕೇ ಹೊತ್ತಾಗತ್ತೆ."